ರುಚಿಗೆ ಗ್ರೀಕರು ಏನನ್ನುತ್ತಾರೆ?

ಗ್ರೀಕ್ ನಿಘಂಟಿನಲ್ಲಿ ‘ರುಚಿ’ಗೆ ಸಿಗುವ ಪದ ‘ಯೆಫ್ಸಿ’. ಅಥೆನ್ಸಿನ ಅಂಗಡಿಯಲ್ಲಿ ಐಸ್‌ಕ್ರೀಮ್ ಡಬ್ಬಿಯ ಮೇಲೆ ‘ಯೆಫ್ಸಿ ಫ್ರಾವುಲಾ’ ಎಂದು ಬರೆದಿದ್ದರೆ ಅದು ಸ್ಟ್ರಾಬೆರಿ ಫ್ಲೇವರಿನದು. ಶಾಲೆಯ ಪುಸ್ತಕದಲ್ಲಿ ನೋಟ, ಕೇಳ್ಮೆ, ವಾಸನೆ, ಸ್ಪರ್ಶಗಳ ಜೊತೆಗೆ ಬರುವ ಇಂದ್ರಿಯದ ಹೆಸರೂ ಯೆಫ್ಸಿಯೇ. 2020ರಲ್ಲಿ ಕೋವಿಡ್ ಬಂದಾಗ ಗ್ರೀಕ್ ಪತ್ರಿಕೆಗಳು ರೋಗಲಕ್ಷಣಗಳ ಪಟ್ಟಿಯಲ್ಲಿ ಬರೆದದ್ದೂ ‘ಯೆಫ್ಸಿ ಹೋಗುವುದು’ ಎಂದೇ. ಇಂಗ್ಲಿಷಿನವರು ಟೇಸ್ಟ್ ಬೇರೆ, ಫ್ಲೇವರ್ ಬೇರೆ ಎಂದು ವಿಂಗಡಿಸುವುದನ್ನೆಲ್ಲ ಈ ಒಂದೇ ಪದ ಹೊರುತ್ತದೆ.

ಹಾಗೆಂದು ಈ ಒಂದು ಪದ ಬಾಯಿಪಾಠ ಮಾಡಿದರೆ ಗ್ರೀಕರ ರುಚಿ ನಮಗೆ ದಕ್ಕುವುದಿಲ್ಲ. ಅವರು ರುಚಿಯನ್ನು ಮೂರು ಕಡೆಯಿಂದ ನೋಡಿದ್ದಾರೆ. ತಿನ್ನುವವನ ಕಡೆಯಿಂದ ನೋಡಿದಾಗ ಹುಟ್ಟಿದ್ದು ಯೆಫ್ಸಿ. ತಿನ್ನುವ ಪದಾರ್ಥದ ಕಡೆಯಿಂದ ನೋಡಿದಾಗ ಇನ್ನೊಂದು ಪದ. ಆ ಪದಾರ್ಥ ಹದಕ್ಕೆ ಬರುವ ಕಾಲದ ಕಡೆಯಿಂದ ನೋಡಿದಾಗ ಮತ್ತೊಂದು. ಮೂರನ್ನೂ ಒಟ್ಟಿಗೆ ಕಲಿತಾಗಲೇ ಒಂದು ಜನಾಂಗ ಎರಡೂವರೆ ಸಾವಿರ ವರ್ಷಗಳಿಂದ ನಾಲಿಗೆಯ ಬಗ್ಗೆ ಏನು ಯೋಚಿಸುತ್ತ ಬಂದಿದೆ ಎಂಬುದು ತಿಳಿಯುತ್ತದೆ.

ಮೊದಲು ಯೆಫ್ಸಿ. ಬರೆಯುವುದು ಗಾಮಾ, ಎಪ್ಸಿಲಾನ್, ಉಪ್ಸಿಲಾನ್, ಸಿಗ್ಮಾ, ಈಟಾ ಎಂಬ ಐದು ಅಕ್ಷರಗಳಲ್ಲಿ. ಇಂದಿನ ಗ್ರೀಕಿನಲ್ಲಿ ಗಾಮಾದ ಮುಂದೆ ಎಕಾರವೋ ಇಕಾರವೋ ಬಂದರೆ ಅದು ‘ಯ’ ಎಂದು ನುಡಿಯುತ್ತದೆ. ಎಪ್ಸಿಲಾನ್ ಮತ್ತು ಉಪ್ಸಿಲಾನ್ ಜೋಡಿಗೆ ಎರಡು ಉಚ್ಚಾರ: ಸಕಾರದಂಥ ಅಘೋಷ ವ್ಯಂಜನದ ಮುಂದೆ ‘ಎಫ್’, ಮಕಾರದಂಥ ಘೋಷ ವ್ಯಂಜನದ ಮುಂದೆ ‘ಎವ್’. ಆದ್ದರಿಂದಲೇ ರುಚಿ ‘ಯೆಫ್ಸಿ’ ಆದರೆ, ಅದೇ ಧಾತುವಿನಿಂದ ಹುಟ್ಟಿದ ಊಟ ‘ಯೆವ್ಮ’ ಆಗುತ್ತದೆ. ಪ್ಲೇಟೋ, ಅರಿಸ್ಟಾಟಲರ ಕಾಲದಲ್ಲಿ ಗಾಮಾ ಅಪ್ಪಟ ‘ಗ’ಕಾರ, ಅವರ ಬಾಯಲ್ಲಿ ಈ ಪದ ‘ಗೆಉಸಿಸ್’.

ಊಟದ ಪದವನ್ನೇ ಇನ್ನಷ್ಟು ಹತ್ತಿರದಿಂದ ನೋಡಬಹುದು. ‘ಅಪೋ’ ಎಂದರೆ ಆದಮೇಲೆ, ಆಚೆಗೆ. ‘ಯೆವ್ಮ’ಕ್ಕೆ ಅದನ್ನು ಸೇರಿಸಿದರೆ ‘ಅಪೋಯೆವ್ಮ’, ಅಂದರೆ ಊಟವಾದ ಮೇಲಿನ ಹೊತ್ತು. ಗ್ರೀಕಿನಲ್ಲಿ ಅಪರಾಹ್ನಕ್ಕೆ ಇರುವ ಸಾಮಾನ್ಯ ಪದ ಇದೇ. ಬೆಳಗಿನ ತಿಂಡಿಗೆ ‘ಪ್ರೋಯೆವ್ಮ’ ಎಂಬ ಪದವಿದೆ, ಊಟಕ್ಕೆ ಮುಂಚಿನದು ಎಂದರ್ಥ. ಬಸ್ಸು ಮಧ್ಯಾಹ್ನದ ಮೇಲೆ ಎಷ್ಟು ಹೊತ್ತಿಗೆ ಎಂದು ಕೇಳುವಾಗಲೂ ಗ್ರೀಕರು ತಮಗೆ ಅರಿವಿಲ್ಲದೆಯೇ ರುಚಿಯ ಧಾತುವನ್ನು ಉಚ್ಚರಿಸುತ್ತಿರುತ್ತಾರೆ.

ಈ ಧಾತುವಿನ ಹಳೆಯ ಕ್ರಿಯಾಪದದಲ್ಲಿ ಕನ್ನಡಿಗರಿಗೆ ಬೇಗ ಒಗ್ಗುವ ಒಂದು ಗುಣವಿದೆ. ‘ಗೆಉಓ’ ಎಂದರೆ ಇನ್ನೊಬ್ಬರಿಗೆ ರುಚಿ ತೋರಿಸುವುದು. ‘ಗೆಉಓಮಾಯ್’ ಎಂದರೆ ತನಗೋಸ್ಕರ ತಾನೇ ರುಚಿ ನೋಡಿಕೊಳ್ಳುವುದು. ಕ್ರಿಯೆಯ ಫಲ ಮಾಡಿದವನಿಗೇ ಸಲ್ಲುವುದನ್ನು ಗ್ರೀಕ್ ವ್ಯಾಕರಣ ಪ್ರತ್ಯಯ ಬದಲಿಸಿ ಹೇಳುತ್ತದೆ. ಸಂಸ್ಕೃತದ ಆತ್ಮನೇಪದವೂ ಹೀಗೆಯೇ. ಕನ್ನಡದಲ್ಲಿ ಈ ಕೆಲಸ ಮಾಡುವುದು ‘ಕೊಳ್ಳು’. ಬಡಿಸು ಬೇರೆ, ಬಡಿಸಿಕೊಳ್ಳು ಬೇರೆ. ಗ್ರೀಕರಿಗೆ ರುಚಿ ನೋಡುವುದು ಬಡಿಸಿಕೊಳ್ಳುವ ಜಾತಿಯ ಕ್ರಿಯೆ. ಒಬ್ಬರ ಪರವಾಗಿ ಇನ್ನೊಬ್ಬರು ಸವಿಯಲು ಆಗದು ಎಂಬ ಮಾತು ವ್ಯಾಕರಣದಲ್ಲೇ ಅಡಗಿದೆ.

ಹೋಮರನ ಕಾವ್ಯಗಳಲ್ಲಿ ಈ ಕ್ರಿಯಾಪದ ಅಡುಗೆಮನೆ ಬಿಟ್ಟು ರಣರಂಗಕ್ಕೂ ಬರುತ್ತದೆ. ‘ಇಲಿಯಡ್’ನ ಇಪ್ಪತ್ತನೆಯ ಪರ್ವದಲ್ಲಿ ಏನಿಯಸ್ ಅಕಿಲೀಸನ ಎದುರು ನಿಂತು, ಕಂಚಿನ ಈಟಿಗಳಿಂದ ಒಬ್ಬರ ರುಚಿ ಒಬ್ಬರು ನೋಡೋಣ ಎಂಬರ್ಥದ ಮಾತಾಡುತ್ತಾನೆ. ‘ಒಡಿಸ್ಸಿ’ಯ ಇಪ್ಪತ್ತೊಂದನೆಯ ಪರ್ವದಲ್ಲಿ ಒಡಿಸಿಯಸ್ಸನ ಬಾಣದ ರುಚಿಯನ್ನು ಮೊದಲು ನೋಡಬೇಕಾದವನು ಆಂಟಿನೋಸ್ ಎಂದು ಕವಿ ಮುಂಚೆಯೇ ಸೂಚಿಸುತ್ತಾನೆ. ಬೆತ್ತದ ರುಚಿ, ಏಟಿನ ರುಚಿ ಎಂದು ಆಡುವ ನಮಗೆ ಇದಕ್ಕೆ ಟಿಪ್ಪಣಿ ಬೇಕಿಲ್ಲ. ಎರಡು ಕಡೆಯೂ ರುಚಿ ಎಂದರೆ ಮೈಮೇಲೆ ಬಂದಾಗ ಮಾತ್ರ ತಿಳಿಯುವಂಥದ್ದು.

ಭಾಷಾಶಾಸ್ತ್ರಜ್ಞರು ಈ ಧಾತುವಿನ ನೆಂಟರನ್ನು ಬಹುದೂರದವರೆಗೆ ಗುರುತಿಸಿದ್ದಾರೆ. ಸಂಸ್ಕೃತದ ‘ಜುಷ್’ ಧಾತು ಇದರ ದಾಯಾದಿ. ಇಷ್ಟಪಡು, ಮೆಚ್ಚಿ ಸ್ವೀಕರಿಸು ಎಂಬುದು ಅದರ ಅರ್ಥ. ಲ್ಯಾಟಿನ್ನಿನ ‘ಗುಸ್ತುಸ್’, ಅದರಿಂದ ಬಂದ ಇಟಾಲಿಯನ್ ‘ಗುಸ್ತೋ’, ಇಂಗ್ಲಿಷಿನ ‘ಡಿಸ್‌ಗಸ್ಟ್’ ಇದೇ ಬಳ್ಳಿಯವು. ಜರ್ಮನ್ನಿನಲ್ಲಿ ರುಚಿ ನೋಡುವುದಕ್ಕೆ ‘ಕೋಸ್ಟನ್’ ಎನ್ನುತ್ತಾರೆ, ಅದೂ ಇದರದೇ ಕುಡಿ. ಇಂಗ್ಲಿಷಿನಲ್ಲಿ ಇದೇ ಧಾತು ‘ಚೂಸ್’ ಆಗಿ, ಸವಿಯುವ ಅರ್ಥ ಕಳೆದುಕೊಂಡು ಆರಿಸುವ ಅರ್ಥ ಪಡೆಯಿತು. ಇರಾನಿನಲ್ಲಿ ಹಳೆಯ ಪರ್ಷಿಯನ್ ಶಾಸನಗಳ ಕಾಲಕ್ಕೇ ಅದು ಸ್ನೇಹಿತ ಎಂಬ ಅರ್ಥ ತಳೆದಿತ್ತು, ಮೆಚ್ಚಿ ಆರಿಸಿಕೊಂಡವನು ಎಂಬ ಭಾವದಲ್ಲಿ. ಆ ಪದ ಪಾರಸಿಯಲ್ಲಿ ‘ದೋಸ್ತ್’ ಆಯಿತು. ಕನ್ನಡಕ್ಕೂ ಬಂದು ಇವತ್ತು ನಮ್ಮ ಕಾಲೇಜು ಹುಡುಗರ ಬಾಯಲ್ಲಿ ದೋಸ್ತ, ದೋಸ್ತಿ ಎಂದು ಓಡಾಡುತ್ತಿದೆ. ಸವಿ, ಆಯ್ಕೆ, ಗೆಳೆತನ ಮೂರೂ ಒಂದೇ ಬೇರಿನವು ಎಂಬುದು ನನಗೆ ಈ ಪದಚರಿತ್ರೆಯ ಅತಿ ಬೆಲೆಯುಳ್ಳ ಸಂಗತಿ. ಮನುಷ್ಯ ಮೊದಲು ಆರಿಸಲು ಕಲಿತದ್ದು ನಾಲಿಗೆಯಿಂದಲೇ ಇರಬೇಕು. ತಿನ್ನಬಹುದಾದ ಕಾಯಿ ಯಾವುದು, ಉಗುಳಬೇಕಾದದ್ದು ಯಾವುದು ಎಂಬ ತೀರ್ಮಾನದಿಂದ ತಾನೇ ಬದುಕು ಶುರುವಾಗುವುದು?

ಎರಡನೆಯ ಪದ ಪ್ರಾಚೀನರ ‘ಖುಮೋಸ್’. ಸುರಿ, ಹೊಯ್ಯು ಎಂಬ ಧಾತುವಿನಿಂದ ಬಂದದ್ದು. ಸಸ್ಯದ ಒಳಗೆ ಹರಿಯುವ ದ್ರವವೂ ಖುಮೋಸ್, ಆ ದ್ರವ ನಾಲಿಗೆಗೆ ಕೊಡುವ ರುಚಿಯೂ ಖುಮೋಸ್. ಸಂಸ್ಕೃತದ ‘ರಸ’ ಹೇಗೆ ಹಣ್ಣಿನ ನೀರೂ ಹೌದು, ಷಡ್ರಸಗಳ ರುಚಿಯೂ ಹೌದೋ ಹಾಗೆ. ಅರಿಸ್ಟಾಟಲ್ ರುಚಿಯ ಬಗೆಗಳನ್ನು ಎಣಿಸುವಾಗ ಬಳಸಿದ್ದು ಈ ಪದವನ್ನು. ಯೆಫ್ಸಿ ನಾಲಿಗೆಯ ಶಕ್ತಿಯಾದರೆ ಖುಮೋಸ್ ವಸ್ತುವಿನ ಗುಣ.

ವಸ್ತುವಿನಲ್ಲಿ ಏನಿದೆ ಎಂದು ಅದು ಸಿಹಿಯಾಗಿದೆ? ಗ್ರೀಕರು ಈ ಪ್ರಶ್ನೆಗೆ ಬೆನ್ನು ಹತ್ತಿದ ಪರಿ ಓದಿದಷ್ಟೂ ಬೆರಗು ಹುಟ್ಟಿಸುತ್ತದೆ. ಕ್ರಿಸ್ತಪೂರ್ವ ಐದನೆಯ ಶತಮಾನದ ಡೆಮಾಕ್ರಿಟಸ್ ಉತ್ತರವನ್ನು ಪರಮಾಣುಗಳ ಆಕಾರದಲ್ಲಿ ಹುಡುಕಿದ. ಹುಳಿಯ ಕಣಗಳು ಸಣ್ಣವು, ಮೂಲೆಗಳುಳ್ಳವು, ಅದಕ್ಕೇ ಚುಚ್ಚುತ್ತವೆ. ಸಿಹಿಯ ಕಣಗಳು ದುಂಡಗೆ, ಅಷ್ಟೇನೂ ಸಣ್ಣವಲ್ಲ, ಅದಕ್ಕೇ ಹಿತವಾಗಿ ಹರಡುತ್ತವೆ ಎಂದ. ಸಿಹಿ, ಕಹಿ ಎಂಬುವು ನಮ್ಮ ರೂಢಿಯ ಮಾತುಗಳು, ನಿಜವಾಗಿ ಇರುವುದು ಪರಮಾಣು ಮತ್ತು ಶೂನ್ಯ ಮಾತ್ರ ಎಂಬ ಅವನ ಪ್ರಸಿದ್ಧ ಸಿದ್ಧಾಂತಕ್ಕೆ ರುಚಿಯೇ ಉದಾಹರಣೆ.

ಪ್ಲೇಟೋ ‘ಟಿಮಾಯಸ್’ ಸಂವಾದದಲ್ಲಿ ಬೇರೆ ದಾರಿ ಹಿಡಿದ. ನಾಲಿಗೆಯಿಂದ ಹೃದಯದವರೆಗೆ ಸಣ್ಣ ನಾಳಗಳು ಚಾಚಿಕೊಂಡಿವೆ, ಅವು ರುಚಿಯ ಪರೀಕ್ಷಕರು ಎಂದು ಅವನ ವಿವರಣೆ. ನಾಳಗಳನ್ನು ಅತಿಯಾಗಿ ತೊಳೆದು ಕೆರೆಯುವ ಸೋಡಾದಂಥ ಪದಾರ್ಥ ಕಹಿ. ಹದವಾಗಿ ತೊಳೆಯುವಂಥದ್ದು ಉಪ್ಪು. ಒರಟಾದದ್ದನ್ನು ನಯಗೊಳಿಸಿ ನಾಳಗಳನ್ನು ಸಹಜ ಸ್ಥಿತಿಗೆ ತರುವಂಥದ್ದು ಸಿಹಿ. ಪರೀಕ್ಷಕ ಎಂಬುದಕ್ಕೆ ಅವನು ಬಳಸಿದ ಪದ ‘ದೊಕಿಮಿಯೋನ್’. ಇಂದು ಗ್ರೀಕ್ ಮನೆಯಲ್ಲಿ ಅಜ್ಜಿ ತಟ್ಟೆ ಮುಂದೆ ಇಟ್ಟು ‘ಸ್ವಲ್ಪ ತಿಂದು ನೋಡು’ ಎನ್ನುವಾಗ ಬಳಸುವ ‘ದೊಕಿಮಾಸೆ’ ಆ ಪದದ್ದೇ ಮನೆತನ. ಹಳೆಯ ‘ಗೆಉಓಮಾಯ್’ ಇಂದಿನ ಮಾತಿನಲ್ಲಿ ಸ್ವಲ್ಪ ಗ್ರಾಂಥಿಕವಾಗಿದೆ. ದಿನನಿತ್ಯದ ರುಚಿ ನೋಡುವ ಕೆಲಸವನ್ನು ಈ ಪರೀಕ್ಷೆಯ ಪದ ವಹಿಸಿಕೊಂಡಿದೆ.

ಅರಿಸ್ಟಾಟಲ್ ಆತ್ಮದ ಕುರಿತು ಬರೆದ ಗ್ರಂಥದಲ್ಲಿ ರುಚಿಯನ್ನು ಒಂದು ಬಗೆಯ ಸ್ಪರ್ಶ ಎಂದ. ನಾಲಿಗೆಗೆ ತಾಗದೆ ರುಚಿ ಇಲ್ಲ, ತೇವವಿಲ್ಲದೆಯೂ ಇಲ್ಲ. ಪೂರ್ತಿ ಒಣಗಿದ ನಾಲಿಗೆಗೂ ರುಚಿ ತಿಳಿಯದು, ಮೊದಲೇ ಬೇರೊಂದು ರಸದಲ್ಲಿ ನೆನೆದ ನಾಲಿಗೆಗೂ ತಿಳಿಯದು. ಇದಕ್ಕೆ ಅವನು ಕೊಟ್ಟ ಸಾಕ್ಷ್ಯ ರೋಗಿಯದು: ಕಾಯಿಲೆಯವನಿಗೆ ಎಲ್ಲವೂ ಕಹಿ, ಏಕೆಂದರೆ ಕಹಿ ದ್ರವ ತುಂಬಿದ ನಾಲಿಗೆಯಿಂದಲೇ ಅವನು ಎಲ್ಲವನ್ನೂ ಸವಿಯುತ್ತಿದ್ದಾನೆ. ಜ್ವರ ಬಂದು ಎದ್ದವರು ಗಂಜಿಯೂ ಕಹಿ ಎಂದಾಗ ನಾವು ‘ಬಾಯಿ ಕೆಟ್ಟಿದೆ’ ಎನ್ನುತ್ತೇವೆ. ಗಂಜಿ ಕೆಟ್ಟಿಲ್ಲ, ಬಾಯಿ ಕೆಟ್ಟಿದೆ ಎಂಬ ಈ ವಿವೇಚನೆಯನ್ನೇ ಆತ ತತ್ತ್ವದ ಭಾಷೆಯಲ್ಲಿ ನಿಲ್ಲಿಸಿದ.

ಅವನ ಪಟ್ಟಿಯಲ್ಲಿ ರುಚಿಗಳು ಎಂಟು. ಒಂದು ತುದಿಯಲ್ಲಿ ಸಿಹಿ, ಪಕ್ಕದಲ್ಲಿ ಜಿಡ್ಡು. ಇನ್ನೊಂದು ತುದಿಯಲ್ಲಿ ಕಹಿ, ಪಕ್ಕದಲ್ಲಿ ಉಪ್ಪು. ನಡುವೆ ಘಾಟು, ನಾಲಿಗೆ ಬಿಗಿಯುವ ಗಡಸು, ಒಗರು, ಹುಳಿ. ಚರಕಸಂಹಿತೆ ಹೇಳುವ ಆರು ರಸಗಳನ್ನು ಇದರ ಪಕ್ಕ ಇಟ್ಟರೆ ಆರೂ ಇಲ್ಲಿ ಸಿಗುತ್ತವೆ. ಅವನ ಶಿಷ್ಯ, ಲೆಸ್ಬೋಸ್ ದ್ವೀಪದ ಥಿಯೋಫ್ರಾಸ್ಟಸ್, ಗಿಡಮರಗಳನ್ನು ಕುರಿತ ತನ್ನ ಗ್ರಂಥದಲ್ಲಿ ಈ ಲೆಕ್ಕವನ್ನು ತೋಟಕ್ಕೆ ಒಯ್ದ. ದ್ರಾಕ್ಷಿಯ ರಸಕ್ಕೆ ಮದ್ಯದ ಗುಣ, ಆಲಿವಿಗೆ ಎಣ್ಣೆಯ ಗುಣ, ಅಂಜೂರ ಮತ್ತು ಖರ್ಜೂರಕ್ಕೆ ಜೇನಿನ ಗುಣ, ಸಾಸಿವೆಗೆ ಘಾಟು, ಮಾಚಿಪತ್ರೆಯ ಜಾತಿಯ ಗಿಡಕ್ಕೆ ಕಹಿ ಎಂದು ಹೆಸರು ಹಿಡಿದು ವಿಂಗಡಿಸಿದ. ಆಗ ಮೆಣಸಿನಕಾಯಿ ಅಮೆರಿಕ ಖಂಡ ಬಿಟ್ಟು ಹೊರಗೆ ಬಂದಿರಲಿಲ್ಲ. ಗ್ರೀಕರ ಘಾಟೆಂದರೆ ಸಾಸಿವೆಯಂಥವುಗಳದೇ.

ಮುಂದೆ ವೈದ್ಯರು ಖುಮೋಸ್ ಪದವನ್ನು ದೇಹದೊಳಗಿನ ರಸಗಳಿಗೆ ಬಳಸಿದರು. ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಎಂಬ ನಾಲ್ಕು ರಸಗಳ ಸಮತೋಲವೇ ಆರೋಗ್ಯ ಎಂಬ ಗೇಲನ್ನನ ವೈದ್ಯಶಾಸ್ತ್ರ ಅರಬರ ಕೈಗೆ ಹೋಗಿ, ಅಲ್ಲಿಂದ ಯುನಾನಿ ಪದ್ಧತಿಯಾಗಿ ಭಾರತಕ್ಕೆ ಬಂತು. ಯುನಾನಿ ಎಂದರೆ ಗ್ರೀಕರದು ಎಂದೇ ಅರ್ಥ. ಬೆಂಗಳೂರಿನ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯಲ್ಲಿ ಇವತ್ತಿಗೂ ಆ ನಾಲ್ಕು ರಸಗಳ ಪಾಠ ನಡೆಯುತ್ತದೆ. ಇಷ್ಟೆಲ್ಲ ಘನತೆ ಕಂಡ ಪದ ಇಂದಿನ ಗ್ರೀಸಿನಲ್ಲಿ ‘ಹಿಮೋಸ್’ ಎಂದು ಉಚ್ಚಾರ ಬದಲಿಸಿಕೊಂಡು ಹೋಟೆಲಿನ ಮೆನುವಿನಲ್ಲಿದೆ. ‘ಹಿಮೋಸ್ ಪೋರ್ತೋಕಾಲಿ’ ಎಂದು ಕೇಳಿದರೆ ಕಿತ್ತಳೆ ಜ್ಯೂಸು ಬರುತ್ತದೆ. ರುಚಿ ಎಂಬ ಅರ್ಥ ಅದರಿಂದ ಜಾರಿ ಪೂರ್ತಿಯಾಗಿ ಯೆಫ್ಸಿಯ ಪಾಲಾಗಿದೆ.

ಮೂರನೆಯದು ‘ನೋಸ್ತಿಮೋ’. ಊಟ ಚೆನ್ನಾಗಿದೆ ಎನ್ನಲು ಗ್ರೀಕರು ಹೇಳುವುದು ಇದನ್ನೇ. ಇದರ ಬೇರು ‘ನೋಸ್ತೋಸ್’, ಅಂದರೆ ಊರಿಗೆ ಮರಳುವುದು. ಒಡಿಸಿಯಸ್ ಹತ್ತು ವರ್ಷ ಯುದ್ಧ ಮಾಡಿ, ಇನ್ನು ಹತ್ತು ವರ್ಷ ಕಡಲಲ್ಲಿ ಅಲೆದು ಇಥಾಕಾಗೆ ಬಂದದ್ದು ನೋಸ್ತೋಸ್. ಹೋಮರನಲ್ಲಿ ‘ನೋಸ್ತಿಮೋಸ್’ ಎಂಬ ವಿಶೇಷಣ ಮರಳುವ ದಿನಕ್ಕೆ ಸಲ್ಲುತ್ತದೆ. ಆಮೇಲೆ ಅದು ಬೆಳೆಗೆ ಅಂಟಿಕೊಂಡಿತು: ಹಾಕಿದ ಬೀಜಕ್ಕೆ ಚೆನ್ನಾಗಿ ಪ್ರತಿಫಲ ಕೊಡುವ, ಹದವಾಗಿ ಮಾಗಿದ, ಪುಷ್ಟಿ ಕೊಡುವ ಪದಾರ್ಥ ನೋಸ್ತಿಮೋಸ್ ಆಯಿತು. ಅಲ್ಲಿಂದ ರುಚಿಕರ ಎಂಬ ಅರ್ಥಕ್ಕೆ ಒಂದೇ ಹೆಜ್ಜೆ. ಇದೇ ನೋಸ್ತೋಸ್‌ಗೆ ನೋವಿನ ಪದ ಸೇರಿಸಿ 1688ರಲ್ಲಿ ಯೋಹಾನೆಸ್ ಹೋಫರ್ ಎಂಬ ವೈದ್ಯವಿದ್ಯಾರ್ಥಿ ಬಾಸೆಲ್ ನಗರದಲ್ಲಿ ತನ್ನ ಪ್ರಬಂಧಕ್ಕಾಗಿ ‘ನೊಸ್ಟಾಲ್ಜಿಯಾ’ ಎಂಬ ಪದ ಕಟ್ಟಿದ. ಊರಿನ ಹಂಬಲವೂ ಊಟದ ರುಚಿಯೂ ಒಂದೇ ಪದದ ಮಕ್ಕಳು.

ನೋಸ್ತಿಮೋದ ವಿರುದ್ಧ ಪದ ‘ಆನೋಸ್ತೋ’. ಹಳೆಯ ಕಾಲದಲ್ಲಿ ಮರಳಿ ಬರಲಾಗದವನು, ಈಗ ಸಪ್ಪೆಯಾದದ್ದು. ಸಪ್ಪೆ ಸಾರಿಗೂ ಆನೋಸ್ತೋ, ಸಪ್ಪೆ ಜೋಕಿಗೂ ಆನೋಸ್ತೋ. ನೋಡಲು ಲಕ್ಷಣವಾಗಿರುವ ಹುಡುಗಿಯನ್ನೂ ಹುಡುಗನನ್ನೂ ನೋಸ್ತಿಮಿ, ನೋಸ್ತಿಮೋಸ್ ಎನ್ನುವುದುಂಟು. ಹೀಗೆ ಹದ, ಮಾಗುವಿಕೆ, ಕಾಲ ಕೂಡಿಬರುವುದು ಎಲ್ಲವೂ ಈ ಪದದ ರುಚಿಯಲ್ಲಿ ಸೇರಿವೆ. ಎಳೆಯ ಹಣ್ಣಿನ ಒಗರಿಗೆ ಗ್ರೀಕಿನಲ್ಲಿ ‘ಸ್ತಿಫೋ’ ಎಂಬ ಮನೆಮಾತಿನ ಪದ ಇರುವುದನ್ನೂ ಇಲ್ಲೇ ನೆನೆಯಬೇಕು. ಇಂಗ್ಲಿಷಿನವರು ಇದಕ್ಕೆ ಪುಸ್ತಕದ ಪದ ಹುಡುಕಬೇಕು; ಕನ್ನಡದ ಮಗು ಎಳೆ ಬಾಳೆಕಾಯಿಗೆ, ಗ್ರೀಕ್ ಮಗು ಮಾಗದ ಹಣ್ಣಿಗೆ ಯೋಚಿಸದೆ ಹೆಸರಿಡುತ್ತದೆ.

ಈ ಮೂರರ ಜೊತೆಗೆ ಕಡ ತಂದ ಪದಗಳೂ ಇವೆ. ಬಟ್ಟೆ, ಸಂಗೀತ, ಪೀಠೋಪಕರಣದ ವಿಷಯದಲ್ಲಿ ಅಭಿರುಚಿ ಎನ್ನಲು ಗ್ರೀಕರು ಇಟಲಿಯವರಿಂದ ‘ಗೂಸ್ತೋ’ ತಂದರು. ಯೆಫ್ಸಿಯ ದಾಯಾದಿಯೇ ಹೀಗೆ ಸಮುದ್ರ ದಾಟಿ ಹಳೆಯ ಮನೆಗೆ ಬಂತು. ಮದ್ಯದ ಜೊತೆ ಸಣ್ಣ ಸಣ್ಣ ತಟ್ಟೆಗಳಲ್ಲಿ ಬರುವ ಆಲಿವು, ಚೀಸು, ಮೀನಿನ ತಿನಿಸುಗಳಿಗೆ ‘ಮೆಝೆಸ್’ ಎನ್ನುತ್ತಾರೆ. ಅದು ತುರ್ಕಿಯಿಂದ ಬಂದದ್ದು, ತುರ್ಕಿಗೆ ಪಾರಸಿಯಿಂದ. ಪಾರಸಿಯಲ್ಲಿ ‘ಮಝಾ’ ಎಂದರೆ ರುಚಿ. ಅದೇ ಪದ ಪೂರ್ವದ ದಾರಿ ಹಿಡಿದು ಹಿಂದೂಸ್ತಾನಿಗೆ, ಅಲ್ಲಿಂದ ನಮ್ಮಲ್ಲಿಗೆ ಬಂದು ‘ಮಜಾ’ ಆಯಿತು. ಅವರವರ ಇಷ್ಟ ಅವರವರಿಗೆ ಎನ್ನಲು ಗ್ರೀಕರ ಗಾದೆ ಹಸಿವೆಯ ಮಾತೆತ್ತಿ ಕುಂಬಳಕಾಯಿಯ ಕಡುಬಿಗೆ ಮುಗಿಯುತ್ತದೆ. ಲೋಕೋ ಭಿನ್ನರುಚಿಃ ಎಂದು ನಾವು ಗಂಭೀರವಾಗಿ ಹೇಳುವುದನ್ನು ಅವರು ಅಡುಗೆಮನೆಯ ತಿಂಡಿಯಿಂದ ಹೇಳುತ್ತಾರೆ.

ಇನ್ನು ವಿಜ್ಞಾನದ ಕಡೆ. ರುಚಿ ತಿಳಿಯದ ಸ್ಥಿತಿಗೆ ‘ಏಜ್ಯೂಸಿಯಾ’, ರುಚಿ ಕೆಟ್ಟ ಸ್ಥಿತಿಗೆ ‘ಡಿಸ್‌ಜ್ಯೂಸಿಯಾ’ ಎಂದು ನಮ್ಮ ವೈದ್ಯರು ಬರೆಯುವಾಗ ಆ ಪದಗಳ ಮಧ್ಯೆ ಕೂತಿರುವುದು ಹಳೆಯ ಗೆಉಸಿಸ್. ಇಪ್ಪತ್ತನೆಯ ಶತಮಾನದ ಪಠ್ಯಪುಸ್ತಕಗಳು ಮೂಲರುಚಿಗಳನ್ನು ಸಿಹಿ, ಹುಳಿ, ಉಪ್ಪು, ಕಹಿ ಎಂದು ನಾಲ್ಕಕ್ಕೆ ಇಳಿಸಿದ್ದವು. 1908ರಲ್ಲಿ ಜಪಾನಿನ ಕಿಕುನಾಯೆ ಇಕೆಡಾ ಗುರುತಿಸಿದ ಉಮಾಮಿ ಬಹುಕಾಲದ ಮೇಲೆ ಐದನೆಯದಾಗಿ ಸೇರಿತು. ಘಾಟು, ಖಾರಗಳನ್ನು ಆ ಪಟ್ಟಿಯಿಂದ ಹೊರಗಿಟ್ಟದ್ದು ಅವು ರುಚಿಮೊಗ್ಗುಗಳಿಗಿಂತ ಉರಿ ತಿಳಿಸುವ ನರಗಳಿಗೆ ಸೇರಿದವು ಎಂಬ ಕಾರಣಕ್ಕೆ. ಮೆಣಸಿನಕಾಯಿಯ ಉರಿಯನ್ನು ಹಿಡಿಯುವ ಗ್ರಾಹಕವನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪ್ರಶಸ್ತಿ ಸಂದದ್ದು ತಾಪ ಮತ್ತು ಸ್ಪರ್ಶದ ಗ್ರಾಹಕಗಳ ಸಂಶೋಧನೆಗಾಗಿ. ರುಚಿ ಒಂದು ಬಗೆಯ ಸ್ಪರ್ಶ ಎಂದ ಅರಿಸ್ಟಾಟಲನ ಮಾತು ಖಾರದ ಮಟ್ಟಿಗಂತೂ ನಿಂತಿದೆ. ಅವನ ಪಟ್ಟಿಯಲ್ಲಿದ್ದ ಜಿಡ್ಡನ್ನೂ ಪ್ರತ್ಯೇಕ ರುಚಿಯೆಂದು ಎಣಿಸಬೇಕೇ ಎಂದು ಕಳೆದ ದಶಕದಿಂದ ಸಂಶೋಧಕರು ಗಂಭೀರವಾಗಿ ಚರ್ಚಿಸುತ್ತಿದ್ದಾರೆ.

ಒಂದು ಪದಕ್ಕೆ ಇಷ್ಟು ವಿಸ್ತಾರ ಏಕೆ ಎಂದು ಕೇಳಬಹುದು. ಮೊಬೈಲ್ ಆ್ಯಪುಗಳಲ್ಲಿ ಭಾಷೆ ಕಲಿಯುವವರು ಇಂದು ಬಹಳ. ಅವು ಕೊಡುವುದು ಒಂದಕ್ಕೊಂದು ಜೋಡಿ: ರುಚಿ ಎಂದರೆ ಯೆಫ್ಸಿ, ಮುಂದಿನ ಪದ. ಹೀಗೆ ಕಲಿತವರು ಗ್ರೀಕ್ ಮನೆಯ ಊಟ ಮುಗಿಸಿ ಯೆಫ್ಸಿ ಚೆನ್ನಾಗಿದೆ ಎಂದರೆ ಅರ್ಥವೇನೋ ಆಗುತ್ತದೆ. ಆದರೆ ಆ ಮನೆಯವರು ಎದುರುನೋಡುತ್ತಿದ್ದ ಮಾತು ‘ಪೊಲಿ ನೋಸ್ತಿಮೋ’, ಬಹಳ ರುಚಿಯಾಗಿದೆ ಎಂಬುದು. ಅದರ ಬೆನ್ನಿಗೆ ಅಡುಗೆ ಮಾಡಿದವರಿಗೆ ಹೇಳಬೇಕಾದ ಇನ್ನೊಂದಿದೆ: ‘ಯಾ ಸ್ತಾ ಹೇರ್ಯಾ ಸು’. ನಿನ್ನ ಕೈಗಳಿಗೆ ಆರೋಗ್ಯವಿರಲಿ ಎಂದರ್ಥ. ಕೈರುಚಿ ಎಂಬ ಪದ ಇಟ್ಟುಕೊಂಡಿರುವ ಕನ್ನಡಿಗರಿಗೆ ಈ ಹಾರೈಕೆ ಕಲಿಯಲು ಒಂದು ನಿಮಿಷವೂ ಬೇಡ. ರುಚಿ ತಿನ್ನುವವರ ನಾಲಿಗೆಯಲ್ಲಿ, ಪದಾರ್ಥದ ರಸದಲ್ಲಿ, ಮಾಗಿದ ಹದದಲ್ಲಿ ಇರುವಷ್ಟೇ ಮಾಡಿದವರ ಕೈಯಲ್ಲೂ ಇದೆ ಎಂದು ಎರಡೂ ಭಾಷೆಗಳು ಬೇರೆ ಬೇರೆಯಾಗಿ ಕಂಡುಕೊಂಡಿವೆ.

ಗ್ರೀಕರ ಪದ ಕಲಿಯುವುದರಿಂದ ಕನ್ನಡಕ್ಕೂ ಒಂದು ಲಾಭವಿದೆ. ಪೊಟ್ಟಣಗಳ ಮೇಲೆ, ಜಾಹೀರಾತಿನಲ್ಲಿ, ನಮ್ಮ ಮಾತಿನಲ್ಲಿ ಎಲ್ಲವೂ ‘ಟೇಸ್ಟ್’ ಮತ್ತು ‘ಫ್ಲೇವರ್’ ಆಗುತ್ತಿರುವ ದಿನಗಳಿವು. ನಮ್ಮಲ್ಲಿ ರುಚಿ, ಸವಿ, ಸ್ವಾದ, ರಸ ಇವೆ. ಅವರೆಕಾಯಿಗೆ ಸೊಗಡು ಇದೆ, ಒಗ್ಗರಣೆಗೆ ಘಮ ಇದೆ, ಹೊಗೆಸೊಪ್ಪಿಗೆ ಘಾಟು ಇದೆ. ಇವುಗಳಲ್ಲಿ ಒಂದೊಂದೂ ನಾಲಿಗೆ, ಮೂಗು, ಪದಾರ್ಥ, ಹದ ಇವುಗಳಲ್ಲಿ ಯಾವುದೋ ಒಂದನ್ನು ಬೊಟ್ಟು ಮಾಡಿ ತೋರಿಸುತ್ತದೆ. ಅವರೆಕಾಯಿಯ ಸೊಗಡನ್ನು ಫ್ಲೇವರ್ ಎಂದಾಗ ಹೋಗುವುದು ಒಂದು ಪದ ಮಾತ್ರವಲ್ಲ. ಮಂಜು ಬಿದ್ದ ಮೇಲೆ ಸೊಗಡು ಏರುತ್ತದೆ ಎಂಬ ರೈತರ ತಿಳಿವಳಿಕೆಯೂ ಅದರ ಜೊತೆಗೇ ಹೋಗುತ್ತದೆ. ಪರಭಾಷೆಯ ಪದವೊಂದನ್ನು ಶ್ರದ್ಧೆಯಿಂದ ಕಲಿಯುವವರು ತಮ್ಮ ಭಾಷೆಯ ಪದಗಳನ್ನೂ ಅಷ್ಟೇ ಶ್ರದ್ಧೆಯಿಂದ ಬಳಸಬೇಕು. ಊಟಕ್ಕೆ ಕೂತಾಗ ಸರಿಯಾದ ಪದ ಆರಿಸಿ ಆಡುವುದರಿಂದಲೇ ಅದನ್ನು ಶುರುಮಾಡಬಹುದು.